ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದ ಕಾಕಾ

ಕಾಕಾನ ಎಡಗಿವಿಯೊಳಗಿನಿಂದ ಬಿಳಿ ಕೂದಲಿನ ಒಂದು ಗೊಂಚಲು ಹೊರಗೆ ಬಂದಿತ್ತು. ಆ ಕಿವಿಯನ್ನು ಅವರು ನಮ್ಮ ಬೆನ್ನಿಗೆ ಒತ್ತಿ ಇಟ್ಟರೆ ಬನಿಯನ್ನಿನ ಮೇಲಿಂದಲೂ ಕೂದಲು ಚುಚ್ಚುತ್ತಿತ್ತು. "ಕೆಮ್ಮು" ಎನ್ನುತ್ತಿದ್ದರು. ಕೆಮ್ಮಬೇಕು. "ಇನ್ನೊಮ್ಮಿ, ಹೊಟ್ಟಿಯಿಂದ." ಮತ್ತೆ ಕೆಮ್ಮಬೇಕು. ಆಮೇಲೆ ಕಿವಿ ತೆಗೆದು, ಕಣ್ಣು ಮುಚ್ಚಿ ಒಂದು ಕ್ಷಣ ಕೂತು ತೀರ್ಪು ಕೊಡುತ್ತಿದ್ದರು. "ನೆಗಡಿ." ಇಲ್ಲವೇ "ಬೀಡಿ." ಇಲ್ಲವೇ ಏನೂ ಅನ್ನದೆ ನಮ್ಮ ಹಾಸಿಗೆಯನ್ನು ಸುತ್ತಿ ಒಯ್ದು ಕಿಟಕಿಯ ಕೆಳಗೆ ಹಾಕುತ್ತಿದ್ದರು. ಹಾಸಿಗೆ ಕಿಟಕಿಗೆ ಹೋಯಿತೆಂದರೆ ಮರುದಿನ ಡಾಕ್ಟರ ಹತ್ತಿರ ಹೋಗಲೇಬೇಕು.

ಇದು ಜೈಲಿನ ಮಾತು. ನಾನು ಬಬಲೇಶ್ವರದವನು. ವಿಜಯಪುರದ ಗಾಂಧಿ ಚೌಕದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದೆ. ಊರಲ್ಲಿ ಹೊಲದ ಬದುವಿನ ಜಗಳ ನಡೆದಾಗ ದೊಡ್ಡಪ್ಪನ ಮಗನ ತಲೆಗೆ ಸಲಿಕೆಯ ಹಿಡಿಕೆಯಿಂದ ಹೊಡೆದೆ. ಅವನು ಉಳಿದುಕೊಂಡ, ನನಗೆ ಎರಡು ವರ್ಷ ಶಿಕ್ಷೆ ಆಯಿತು. ಹೊಡೆದದ್ದು ಖರೆ. ಹಾಗಾಗಿ ಆ ಬಗ್ಗೆ ಬರೆಯುವುದೂ ಹೆಚ್ಚೇನಿಲ್ಲ.

ಕಾಕಾ ನಮ್ಮ ಬ್ಯಾರಕ್ಕಿನ ಎಲ್ಲರಿಗಿಂತ ಹಳೆಯ ಕೈದಿ. ತಿಕೋಟಾದ ಕಡೆಯ ಹಳ್ಳಿಯವರು, ಕುರಿ ಕಾಯುತ್ತಿದ್ದವರು. ಕೊಲೆಗೆ ಜೀವಾವಧಿ ಆಗಿತ್ತು. ಯಾರನ್ನು, ಯಾಕೆ ಎಂದು ಒಮ್ಮೆ ಕೇಳಿದ್ದೆ. "ಕುರಿ ಒಬ್ಬನ ದ್ರಾಕ್ಷಿ ತ್ವಾಟಕ್ಕ ಹೊಕ್ಕಿದ್ವು. ಕೈ ಮಾತ್ರ ನಂದ" ಎಂದು ಹೇಳಿ ತಂಬಿಗೆ ತೊಳೆಯಲು ಎದ್ದು ಹೋದರು. ನಾನು ಮತ್ತೆ ಕೇಳಲಿಲ್ಲ. ಒಳಗೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ಬ್ಯಾರಕ್ಕಿನಲ್ಲಿ ಮಲಗುವುದಕ್ಕೆ ಒಂದು ಪದ್ಧತಿ ಇತ್ತು. ಹೊಸಬನ ಹಾಸಿಗೆ ಪಾಯಖಾನೆಯ ಬಾಗಿಲಿಗೆ. ಅವನ ಮುಂದಿನವರು ಬಿಡುಗಡೆಯಾದಂತೆ ಅವನು ಒಂದೊಂದೇ ಹಾಸಿಗೆ ಸರಿಯುತ್ತಾ ಕಿಟಕಿಯ ಕಡೆ ಬರಬೇಕು. ಕಿಟಕಿಯ ಕೆಳಗಿನ ಜಾಗ ಎಲ್ಲರಿಗಿಂತ ಹಿರಿಯನದು. ಆ ಜಾಗಕ್ಕಾಗಿ ದೊಡ್ಡ ದೊಡ್ಡ ಗಂಡಸರು ಸಣ್ಣ ಹುಡುಗರಂತೆ ಕಚ್ಚಾಡಿದ್ದನ್ನು ನೋಡಿದ್ದೇನೆ. ಲೆಕ್ಕದ ಪ್ರಕಾರ ಅದು ಕಾಕಾನಿಗೆ ಸೇರಬೇಕು. ಅವರು ಅದನ್ನು ಕೆಮ್ಮುವವರಿಗೆ ಬಿಟ್ಟುಕೊಟ್ಟು ತಾವು ನಡುವೆ ಮಲಗುತ್ತಿದ್ದರು. ಸಾಲಿನಲ್ಲಿ ಒಬ್ಬನ ತಲೆ ಗೋಡೆಯ ಕಡೆ, ಪಕ್ಕದವನ ತಲೆ ನಡುದಾರಿಯ ಕಡೆ. ಯಾರ ಬಾಯಿಯೂ ಇನ್ನೊಬ್ಬರ ಬಾಯಿಯ ಹತ್ತಿರ ಬರಬಾರದು. "ಒಬ್ಬರ ಕಾಲ ಒಬ್ಬರ ಮೂಗಿಗಿ ನಾರಿದ್ರ ಯಾರೂ ಸಾಯೂದಿಲ್ಲ" ಎನ್ನುತ್ತಿದ್ದರು. ನಾನು ಸರಿಯುತ್ತಾ ಅವರ ಪಕ್ಕಕ್ಕೆ ಬಂದ ಮೇಲೆ ನನ್ನ ಮೂಗಿಗೆ ಅವರ ಕಾಲೇ ಇತ್ತು.

ಒಂದೇ ಬೀಡಿಯನ್ನು ನಾಲ್ಕು ಬಾಯಿಗೆ ತಿರುಗಿಸುವುದು ಅವರ ಎದುರು ನಡೆಯುತ್ತಿರಲಿಲ್ಲ. ಒಂದೇ ಊರಿನವರು ಪ್ರೀತಿಗೆಂದು ಒಂದೇ ತಾಟಿನಲ್ಲಿ ಉಣ್ಣಲು ಕೂತರೆ ತಾಟನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಚಳಿಗಾಲದಲ್ಲಿ ನಾವು ಕಿಟಕಿಯ ಸರಳುಗಳಿಗೆ ಗೋಣಿಚೀಲ ತುರುಕಿದರೆ ಬೆಳಿಗ್ಗೆ ಎದ್ದು ಕಿತ್ತು ಎಸೆಯುತ್ತಿದ್ದರು. ಆಗ ಬೈಗುಳ ತಿನ್ನುವ ಸರದಿ ಅವರದು.

"ಯಪ್ಪಾ, ಥಂಡಿಗಿ ಸಾಯ್ತೀವಿ ನಾವು."

"ಥಂಡಿಗಿ ಕಂಬಳಿ ಐತಿ. ಅದಕ್ಕೇನೈತಿ?"

"ಅದಕ್ಕ" ಎಂದರೆ ಟಿ.ಬಿ. ಆ ಹೆಸರನ್ನು ಅವರು ಬಾಯಿಂದ ತೆಗೆಯುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ನಮ್ಮ ಬ್ಯಾರಕ್ಕಿನ ಒಬ್ಬ ಲಾರಿ ಡ್ರೈವರ್ ಎರಡು ತಿಂಗಳು ಕಂಬಳಿಯೊಳಗೇ ಕೆಮ್ಮಿದ್ದ. ಬೆನ್ನಿಗೆ ಕಿವಿ ಇಡಲು ಕಾಕಾನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ರಕ್ತ ಬಂದ ಮೇಲೆ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಅವನು ಬರಲಿಲ್ಲ. ಅವನ ಹಾಸಿಗೆ ಹೋದ ಜಾಗಕ್ಕೆ ನಾವೆಲ್ಲ ಒಂದೊಂದು ಹಾಸಿಗೆ ಮುಂದೆ ಸರಿದೆವು. ನನಗೆ ದುಃಖ ಆಗಲಿಲ್ಲ. ಪಾಯಖಾನೆಯಿಂದ ಒಂದು ಹಾಸಿಗೆ ದೂರವಾಯಿತಲ್ಲ ಎಂದುಕೊಂಡೆ. ಇದನ್ನು ಈಗ ಬರೆಯುವಾಗಲೂ ನಾಚಿಕೆ ಎನ್ನುವುದು ಬರಬೇಕಾದಷ್ಟು ಬರುತ್ತಿಲ್ಲ.

ಕಾಕಾ ಈ ವಿದ್ಯೆ ಕಲಿತದ್ದು ಕುರಿಗಳಿಂದ. ಬೇಸಿಗೆಯಲ್ಲಿ ಭೂತನಾಳ ಕೆರೆಯ ಅಂಗಳದಲ್ಲಿ ಹಿಂಡು ಕೂಡಿಸುತ್ತಿದ್ದರಂತೆ. ಹಿಂಡಿನ ನಡುವೆ ಕೂತು ಕಣ್ಣು ಮುಚ್ಚಿದರೆ ಕೆಮ್ಮಿದ ಕುರಿ ಯಾವುದು, ದೂಳಿಗೆ ಕೆಮ್ಮಿತೋ ಎದೆಯಿಂದ ಕೆಮ್ಮಿತೋ ತಿಳಿಯುತ್ತಿತ್ತಂತೆ. ಎದೆಯಿಂದ ಕೆಮ್ಮಿದ್ದನ್ನು ಅಂದೇ ಬೇರೆ ಕಟ್ಟಬೇಕು. "ಕುರಿ ಮುಚ್ಚಿಡೂದಿಲ್ಲೋ ತಮ್ಮಾ. ಮನಶ್ಯಾ ಮುಚ್ಚಿಡ್ತಾನ. ಅದಕ್ಕ ಕಿವಿ ಹಚ್ಚಬೇಕಾಗ್ತೈತಿ." ಕೆಮ್ಮಲು ನಾಚಿಕೊಳ್ಳುವವರಿಗೆ ಇದನ್ನೇ ಹೇಳುತ್ತಿದ್ದರು. ಜೈಲಿನ ಡಾಕ್ಟರು ಅವರ ಈ ಕಿವಿಯ ಬಗ್ಗೆ ಮೊದಲು ನಕ್ಕರು. ಆಮೇಲೆ "ಅಜ್ಜಾರ, ಇವತ್ತ ಯಾರನ್ನ ಕಳಸೀರಿ?" ಎಂದು ಕೇಳತೊಡಗಿದರು.

ನನ್ನ ಬೆನ್ನಿಗೂ ಎಷ್ಟೋ ಸಲ ಕಿವಿ ಇಟ್ಟಿದ್ದರು. ನನಗೂ ಸಣ್ಣ ಕೆಮ್ಮಿತ್ತು, ಪ್ಯಾಂಟು ಸಡಿಲಾಗಿತ್ತು. ಜೈಲಿನ ಊಟ ಎಂದುಕೊಂಡಿದ್ದೆ. ಪ್ರತಿ ಸಲ ಅವರು ಬೆನ್ನು ತಟ್ಟಿ ಒಂದೇ ಮಾತು ಹೇಳುತ್ತಿದ್ದರು: "ನಗಾರಿ ಆಗೇತಿ ನಿನ್ನ ಎದಿ. ಹೋಗು."

ಅವರಿಗೆ ಮನೆಯಿಂದ ಮಗ ಬರುತ್ತಿದ್ದ, ಎರಡು ತಿಂಗಳಿಗೊಮ್ಮೆ. ಆ ಮಗನಿಗೆ ಆರು ವರ್ಷದ ಮಗಳು. ಆ ಮೊಮ್ಮಗಳನ್ನು ಕಾಕಾ ಇನ್ನೂ ಮುಟ್ಟಿರಲಿಲ್ಲ. ಅವಳಿಗೆ ಮನೆಯಲ್ಲಿ "ಅಜ್ಜ ಕುರಿ ಹಿಂದ ದೂರ ಹೋಗ್ಯಾನ" ಎಂದು ಹೇಳಿದ್ದರು. ಆ ವರ್ಷ ಆಗಸ್ಟಿನಲ್ಲಿ ಸನ್ನಡತೆಯ ಮೇಲೆ ಬಿಡಲಿದ್ದವರ ಪಟ್ಟಿಗೆ ಕಾಕಾನ ಹೆಸರು ಹೋಗಿತ್ತು. ಹೋದಂದಿನಿಂದ ಅವರು ಬೀಡಿ ಅರ್ಧ ಮಾಡಿದರು, ಜಗಳ ಬಿಡಿಸಲು ಹೋಗುವುದನ್ನು ಬಿಟ್ಟರು, ಪೊಲೀಸರಿಗೆ ದಿನಕ್ಕೆ ಎರಡು ಸಲ ನಮಸ್ಕಾರ ಹೊಡೆಯತೊಡಗಿದರು. ನಾವು ಚೇಷ್ಟೆ ಮಾಡಿದರೆ "ನಗ್ರಿ, ನಗ್ರಿ" ಎನ್ನುತ್ತಿದ್ದರು.

ಜೂನಿನಲ್ಲಿ ಕಫ ಪರೀಕ್ಷೆಯವರು ಬಂದರು. ಎಲ್ಲರಿಗೂ ಸಂಜೆ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಡುವುದು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಯಲಿಗೆ ಬಂದು, ದೂರ ದೂರ ನಿಂತು ಕೆಮ್ಮಿ ಕಫ ತುಂಬಿ ಕೊಡುವುದು. ನನ್ನ ಅಕ್ಷರ ಚೆನ್ನಾಗಿದೆ ಎಂದು ಡಬ್ಬಿಗೆ ಹೆಸರು ಬರೆದು ಅಂಟಿಸುವ ಕೆಲಸ ನನಗೆ ಬಂತು. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೆ. ಕಾಕಾ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಮೇ ತಿಂಗಳಿಂದ ಕೆಮ್ಮಿತ್ತು, ಬೆಳಿಗ್ಗೆ ಹೆಚ್ಚು. ಬೀಡಿಯದು ಎಂದು ನಾವೆಲ್ಲ ತಿಳಿದಿದ್ದೆವು. ಅವರ ಬೆನ್ನಿಗೆ ಕಿವಿ ಇಡುವವರು ಯಾರೂ ಇರಲಿಲ್ಲ.

"ತಮ್ಮಾ, ನಂದೂ ನೀನ ತುಂಬಿ ಕೊಡು" ಎಂದರು.

"ಏನರಿ ಕಾಕಾ?"

"ನನ್ನ ಹೆಸರಿನ ಡಬ್ಬಿ. ಅದರಾಗೂ ನೀನ ಉಗಳು. ಬ್ಯಾರಕ್ಕಿನ್ಯಾಗ ಸ್ವಚ್ಛ ಎದಿ ಅಂದ್ರ ನಿಂದೊಂದ. ಕಿವಿಲೆ ಕೇಳೇನಲ್ಲ ನಾ."

ಟಿ.ಬಿ. ಎಂದು ಗೊತ್ತಾದವರ ಹೆಸರನ್ನು ಆಗಸ್ಟಿನ ಪಟ್ಟಿಯಿಂದ ಹೊಡೆದು ಹಾಕುತ್ತಾರೆ ಎಂಬ ಮಾತು ಒಳಗೆ ಓಡಾಡುತ್ತಿತ್ತು. ಯಾವುದೋ ವರ್ಷ ಯಾವುದೋ ರೋಗಿಯನ್ನು ಬಿಟ್ಟಿರಲಿಲ್ಲವಂತೆ, ಅವನನ್ನು ಯಾಕೆ ಬಿಡಲಿಲ್ಲ ಎಂದು ಯಾರೂ ವಿಚಾರಿಸಿರಲಿಲ್ಲ. ಒಂದು ಮಾತು ಕೇಳಿದ್ದರೆ ಡಾಕ್ಟರೇ ಹೇಳುತ್ತಿದ್ದರು. ಆದರೆ ಕೇಳಿದರೆ ಕೇಳಿದವನಿಗೆ ರೋಗ ಇದೆ ಎಂದಾಗುತ್ತದಲ್ಲ, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಬುದ್ಧಿ ಹೇಳುವ ಕಾಕಾ ಕೂಡ ಕೇಳಲಿಲ್ಲ.

"ಮುಚ್ಚಿಡಬಾರದು ಅಂತ ನೀವ ಹೇಳ್ತೀರಲ್ರಿ" ಎಂದೆ.

"ಹೇಳ್ತೀನಿ. ಮಂದಿಗಿ ಹೇಳ್ತೀನಿ." ದನಿ ತಗ್ಗಿಸಿದರು. "ಮೊಮ್ಮಗಳನ್ನ ಸಾಲಿಗಿ ಹಾಕ್ಯಾರ. ಸಾಲ್ಯಾಗ ಯಾರರ ಹೇಳೇ ಹೇಳ್ತಾರ, ನಿಮ್ಮಜ್ಜ ಎಲ್ಲಿ ಅದಾನಂತ. ಅದಕಿಂತ ಮೊದಲ ನಾ ಮನಿ ಮುಟ್ಟಬೇಕು. ಅಷ್ಟ."

ನಾನು ಒಪ್ಪಿದೆ. ದೊಡ್ಡ ಯೋಚನೆ ಮಾಡಿ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ. ಮರುದಿನ ಬೆಳಿಗ್ಗೆ ತೊಟ್ಟಿಯ ಹಿಂದೆ ಹೋಗಿ ಎರಡು ಡಬ್ಬಿಯಲ್ಲೂ ನಾನೇ ಕೆಮ್ಮಿ ತುಂಬಿದೆ. ಮುಚ್ಚಳ ಹಾಕಿ, ಒಂದನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಾವೇ ಒಯ್ದು ಮೇಜಿನ ಮೇಲಿಟ್ಟು, ನಮಸ್ಕಾರ ಮಾಡಿ ಬಂದರು.

ನಾಲ್ಕು ದಿನದ ಮೇಲೆ ಡಾಕ್ಟರು ನಾಲ್ಕು ಹೆಸರು ಕರೆದರು. ಮೊದಲ ಎರಡು ಬೇರೆ ಬ್ಯಾರಕ್ಕಿನವು. ಮೂರನೆಯದು ಕಾಕಾನದು. ನಾಲ್ಕನೆಯದು ನನ್ನದು.

ಆಗ ನನಗೆ ಏನನ್ನಿಸಿತು ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಏನೂ ಅನ್ನಿಸಲಿಲ್ಲ. ಡಾಕ್ಟರ ಮೇಜಿನ ಮೇಲಿದ್ದ ಕ್ಯಾಲೆಂಡರ್ ಹಿಂದಿನ ತಿಂಗಳದು ಎನ್ನುವುದನ್ನು ಮಾತ್ರ ನೋಡಿದೆ. ಕಾಕಾ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಕೆಳದನಿಯಲ್ಲಿ, "ತಪ್ಪಿ ಕೇಳೇನಲ್ಲೋ ತಮ್ಮಾ ನಿನ್ನ ಎದಿ. ಇಷ್ಟ ದಿನಾ ತಪ್ಪಿ ಕೇಳೇನಿ" ಎಂದರು. ತಮ್ಮ ಹೆಸರು ಕೂಗಿದ್ದರ ಬಗ್ಗೆ ಒಂದು ಮಾತಿಲ್ಲ. ನನ್ನನ್ನು ಕಿಟಕಿಗೆ ಕಳಿಸದೇ ಹೋದದ್ದು ಅವರಿಗೆ ದೊಡ್ಡದಾಗಿತ್ತು.

ಆಮೇಲೆ ಧೈರ್ಯ ಮಾಡಿ, "ಸಾಹೇಬ್ರ, ನನ್ನ ಹೆಸರು ಪಟ್ಟಿಯಿಂದ ಹೋತೇನ್ರಿ?" ಎಂದು ಕೇಳಿದರು.

"ಯಾರ ಹೇಳಿದ್ರು ನಿಮಗ? ಇದಕೂ ಅದಕೂ ಏನ್ ಸಂಬಂಧ? ಗುಳಿಗಿ ಹೊರಗೂ ಸಿಗ್ತಾವ. ತಿಕೋಟಾ ದವಾಖಾನಿಗಿ ಕಾಗದಾ ಕಳಸ್ತೀವಿ" ಎಂದರು ಡಾಕ್ಟರು, ಬರೆಯುತ್ತಲೇ.

ಕಾಕಾ ನಕ್ಕರು. ನಗು ಕೆಮ್ಮಾಯಿತು. ಡಬ್ಬಿಯ ವಿಷಯ ಆಗಲೇ ಬಾಯಿಬಿಟ್ಟಿದ್ದರೆ ಇನ್ನೊಂದು ಡಬ್ಬಿ ಕೊಟ್ಟು ಮತ್ತೆ ನೋಡುತ್ತಿದ್ದರು. ಆದರೆ ಮೋಸ ಮಾಡಿದ್ದಕ್ಕೆ ಅವರ ಸನ್ನಡತೆ ಹೋಗುತ್ತಿತ್ತು, ನನ್ನ ಶಿಕ್ಷೆಯಲ್ಲಿ ಕಡಿಮೆಯಾಗಬೇಕಿದ್ದ ದಿನಗಳೂ ಹೋಗುತ್ತಿದ್ದವು. ಇಬ್ಬರೂ ಸುಮ್ಮನಿದ್ದೆವು. ಅವರ ಎದೆಯ ಫೋಟೋ ತೆಗೆದರು. ಬೀಡಿ ಸೇದಿದ ಎದೆ, ಕಲೆ ಇದ್ದೇ ಇದ್ದವು. ಕಾಕಾನಿಗೆ ನಿಜವಾಗಿ ರೋಗ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು.

ನಾಲ್ವರನ್ನೂ ಬೇರೆ ಕೋಣೆಯಲ್ಲಿ ಇಟ್ಟರು. ದಿನವೂ ಬೆಳಿಗ್ಗೆ ಗುಳಿಗೆ. ಗುಳಿಗೆ ನುಂಗಿದ ಮೇಲೆ ಉಚ್ಚೆ ಕೇಸರಿ ಬಣ್ಣಕ್ಕೆ ಬರುತ್ತದೆ. ಮೊದಲ ದಿನ ನಾನು ಹೆದರಿದೆ. ಕಾಕಾ ಪಾಯಖಾನೆಯಿಂದ ಹೊರಗೆ ಬಂದು, "ನಂದ ನಿನಕಿಂತ ಛಲೋ ಬಣ್ಣ ಐತಿ" ಎಂದರು. ಹೊಟ್ಟೆಯಲ್ಲಿ ಸಂಕಟವಾಗಿ ವಾಂತಿ ಮಾಡಿಕೊಂಡರೂ ಒಂದು ದಿನವೂ ಗುಳಿಗೆ ಬಿಡಲಿಲ್ಲ. ರೋಗವೇ ಇಲ್ಲದಿದ್ದರೆ ಯಾಕೆ ನುಂಗುತ್ತೀರಿ ಎಂದು ಕೇಳಿದೆ. "ಇದ್ರ ಹೋಗ್ತೈತಿ. ಇರಲಿಲ್ಲಂದ್ರ ನಿನ್ನ ಜೋಡಿಗಿ ಆತು" ಎಂದರು. ನಮಗೆ ಕೊಡುತ್ತಿದ್ದ ತತ್ತಿಯಲ್ಲಿ ತಮ್ಮದನ್ನು ನನ್ನ ತಾಟಿಗೆ ಹಾಕುತ್ತಿದ್ದರು. ನಾನು ತಿನ್ನುತ್ತಿದ್ದೆ. ಬೇಡ ಎಂದು ಒಂದು ಸಲವೂ ಹೇಳಲಿಲ್ಲ.

ಎರಡು ತಿಂಗಳಿಗೆ ಮತ್ತೆ ಪರೀಕ್ಷೆಯಾಯಿತು. ಈ ಸಲ ಅವರವರ ಡಬ್ಬಿ ಅವರವರೇ ತುಂಬಿದೆವು. ಇಬ್ಬರದೂ ಸ್ವಚ್ಛ ಬಂತು. ಇನ್ನು ಯಾರಿಗೂ ಹರಡುವುದಿಲ್ಲ, ಆದರೆ ಆರು ತಿಂಗಳು ಮುಗಿಯುವವರೆಗೆ ಗುಳಿಗೆ ಬಿಡಬೇಡಿ ಎಂದರು ಡಾಕ್ಟರು. ಆಗಸ್ಟಿನಲ್ಲಿ ಕಾಕಾ ಬಿಡುಗಡೆಯಾದರು. ಹೊರಡುವ ದಿನ ಬಿಳಿ ಅಂಗಿ, ಬಿಳಿ ಧೋತರ. ನನ್ನ ಹತ್ತಿರ ಬಂದು, ಬೆನ್ನು ತಿರುಗಿಸು ಎಂದು ಕೈಸನ್ನೆ ಮಾಡಿದರು. ಕಿವಿ ಇಟ್ಟು ಬಹಳ ಹೊತ್ತು ಕೇಳಿದರು.

"ಏನರಿ ಕಾಕಾ?"

"ನನಗೇನ್ ತಿಳೀತೈತಿ? ಗುಳಿಗಿ ತಗೋ" ಎಂದು ಹೇಳಿ ಹೋದರು.

ದೀಪಾವಳಿ ಕಳೆದ ಮೇಲೆ ನಾನೂ ಹೊರಗೆ ಬಂದೆ. ಅಂಗಡಿಯ ಮಾಲೀಕರು ಮತ್ತೆ ಕೆಲಸಕ್ಕೆ ಇಟ್ಟುಕೊಂಡರು. ಉಳಿದ ಗುಳಿಗೆಗೆ ನಾನು ಮನೆಯ ವಿಳಾಸ ಕೊಡಲಿಲ್ಲ, ಗಾಂಧಿ ಚೌಕದ ಅಂಗಡಿಯ ವಿಳಾಸ ಕೊಟ್ಟೆ. ಬಬಲೇಶ್ವರದ ಮನೆಯಲ್ಲಿ ಯಾರಿಗೂ ರೋಗದ ಸುದ್ದಿ ಇಲ್ಲ. ಶಕ್ತಿಗೆಂದು ಕೊಟ್ಟ ಗುಳಿಗೆ ಎಂದೆ. ನನ್ನವ್ವ ನನ್ನ ತಾಟಿನಲ್ಲೇ ಕೈಹಾಕಿ ರೊಟ್ಟಿ ಮುರಿದು ಕೊಟ್ಟಳು. ಹರಡುವ ಕಾಲ ಮುಗಿದಿತ್ತು ಎನ್ನುವುದು ನಿಜ. ಹೇಳಲಿಲ್ಲ ಎನ್ನುವುದೂ ನಿಜ.

ಕಾಕಾನೂ ನಾನೂ ಒಂದೇ ದಿನ ಗುಳಿಗೆ ಶುರು ಮಾಡಿದವರು, ಮುಗಿಯುವುದೂ ಒಂದೇ ದಿನ. ಮುಗಿದ ಮೇಲೇ ಹೋಗಿ ಮಾತಾಡಿಸೋಣ ಎಂದು ಕಾದೆ. ಡಿಸೆಂಬರಿನಲ್ಲಿ ಕೊನೆಯ ಗುಳಿಗೆ ನುಂಗಿದ ಮರುದಿನ ಅಂಗಡಿಗೆ ರಜೆ ಹಾಕಿ ತಿಕೋಟಾ ಬಸ್ಸು ಹತ್ತಿದೆ. ಅಲ್ಲಿಂದ ಅವರ ಹಳ್ಳಿಗೆ ಟಂಟಂ ರಿಕ್ಷಾ. ಊರಾಚೆ ದ್ರಾಕ್ಷಿ ತೋಟದ ಬದಿಗೆ ಮನೆ. ಮಗನ ಗುರುತು ನನಗಿತ್ತು, ಜೈಲಿನಲ್ಲಿ ಭೇಟಿಯ ದಿನ ನೋಡಿದ್ದೆ. ಅವನು ಬಳ್ಳಿಗೆ ಔಷಧ ಹೊಡೆಯುತ್ತಿದ್ದವನು ಪಂಪು ಇಳಿಸಿ ಬಂದ. ಯಾರು ಎಂದು ಹೇಳಿಕೊಂಡೆ. ಕಾಕಾ ಎಲ್ಲಿ ಎಂದು ಕೇಳಿದೆ.

"ಅಪ್ಪ ಹೋದ್ನರಿ" ಎಂದ. "ಹನ್ನೆರಡ ದಿವಸ ಆತು."

ಅವನು ಕೂಡ್ರಿ ಎಂದು ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಕಡೆ ಕರೆದುಕೊಂಡು ಹೋದ. ಹಂಗಾಮು ಇರಲಿಲ್ಲ, ಜಾಳಿಗೆಯ ಅಟ್ಟಗಳು ಖಾಲಿ ಇದ್ದವು. ಮೂಲೆಯಲ್ಲಿ ಒಂದು ಮಂಚ, ಒಂದು ಕೊಡ, ಒಂದು ತಾಟು ಇದ್ದವು. ಮನೆ ಅಲ್ಲಿಂದ ಐವತ್ತು ಹೆಜ್ಜೆ. ಮನೆಯ ಕಟ್ಟೆಯ ಮೇಲೆ ಸಾಲೆಯ ಅಂಗಿ ಹಾಕಿದ ಹುಡುಗಿಯೊಂದು ಕಲ್ಲಾಟ ಆಡುತ್ತಿತ್ತು.

"ಇಲ್ಲೇ ಇರಾಂವ" ಎಂದ ಮಗ. "ಬಂದ ಎರಡನೇ ದಿನಕ್ಕ ದವಾಖಾನಿಯಾಕಿ ಗುಳಿಗಿ ಡಬ್ಬಿ ತಗೊಂಡ ಮನಿ ಮುಂದ ಬಂದ್ಲು. ಊರಿಗೆಲ್ಲಾ ತಿಳೀತು. ಮನ್ಯಾಗ ಸಣ್ಣ ಕೂಸೈತ್ರಿ. ಹರಡೂದಿಲ್ಲಂತ ಆಕಿ ಹೇಳಿದ್ಲು, ಖರೆ. ಆದ್ರ ನಮ್ಮ ಮಂದಿ ಕೇಳಬೇಕಲ್ಲ. ಗುಳಿಗಿ ಮುಗೀಲಿ, ಆಮ್ಯಾಲ ಒಳಗ ಕರಕೊಳ್ಳೋಣು ಅಂದ್ವಿ. ಅವ್ವ ದಿನಾ ರೊಟ್ಟಿ ಇಲ್ಲಿಗೇ ತರಾಕಿ. ಒಂದಿನ ಮುಂಜಾನಿ ಬಂದ್ಲು, ಎಬ್ಬಿಸಿದ್ಲು, ಏಳಲಿಲ್ಲ. ಮೈ ಥಂಡಿ ಆಗಿತ್ತರಿ. ಎದಿ ನಿಂತಿರಬೇಕಂದ್ರು."

"ಕೂಸಿನ್ನ ಮುಟ್ಟಿದ್ರೇನು ಅವರು?" ಎಂದು ಕೇಳಿದೆ.

"ಇಲ್ರಿ. ಇಲ್ಲಿಂದ ನೋಡಾಂವ." ಅವನು ಕೊಡವನ್ನು ಎತ್ತಿ ಬೋರಲಾಗಿಟ್ಟ. "ಒಂದ ಸಲಾ ಅಂದ್ನರಿ, ಆ ರಿಪೋರ್ಟ ನಂದಲ್ಲೋ ಅಂತ. ಮತ್ ಯಾರದು ಅಂತ ಕೇಳಿದ್ಯಾ. ಅಂವ ಇನ್ನಾ ಜೈಲಿನೊಳಗ ಅದಾನ, ಹೇಳಾಕ ಬರೂದಿಲ್ಲ ಅಂದ. ಮನ್ಯಾಗ ಬರಾಕ ಸುಳ್ಳ ಹೇಳಾಕತ್ಯಾನ ಅಂತ ತಿಳಕೊಂಡ್ವಿ. ಮತ್ತ ಕೇಳಲಿಲ್ಲ. ಅಂವಾನೂ ಹೇಳಲಿಲ್ಲ."

ಅಲ್ಲಿಂದ ಎದ್ದು ಬಂದುಬಿಡಬಹುದಿತ್ತು. ನನ್ನ ಎರಡು ವರ್ಷ ಮುಗಿದಿತ್ತು, ಗುಳಿಗೆ ಮುಗಿದಿತ್ತು, ಕೇಳುವವರು ಯಾರೂ ಇರಲಿಲ್ಲ.

"ಆ ರಿಪೋರ್ಟ ನಂದರಿ" ಎಂದೆ. ತೊಟ್ಟಿಯ ಹಿಂದೆ ನಡೆದದ್ದನ್ನೆಲ್ಲ ಹೇಳಿದೆ. ಎರಡು ಡಬ್ಬಿಯ ಮಾತು, ಆಗಸ್ಟ್ ಪಟ್ಟಿಯ ಮಾತು, ಅವರು ತಪ್ಪಿ ಕೇಳಿದೆ ಎಂದದ್ದು. ಅವರಿಗೆ ಏನೂ ಇರಲಿಲ್ಲ ಎಂದು ಹೇಳಲಾರೆ, ಆದರೆ ಇತ್ತು ಎಂದು ಹೇಳಿದ ಡಬ್ಬಿ ನನ್ನದು ಎಂದೆ. ಹೇಳುವಾಗ ನನ್ನ ದನಿ ಅಂಗಡಿಯಲ್ಲಿ ಬಿಲ್ಲು ಓದುವ ದನಿಯಂತೆ ಇತ್ತು. ಅಳು ಬಂದಿದ್ದರೆ ಅವನಿಗೂ ಅನುಕೂಲವಾಗುತ್ತಿತ್ತೇನೋ.

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಮನೆಯ ಒಳಗಿನಿಂದ ಅವನ ತಾಯಿ ಚಹಾದ ಬಟ್ಟಲು ಹಿಡಿದು ನಮ್ಮ ಕಡೆ ಬರುತ್ತಿದ್ದಳು, ಕಾಲು ಸ್ವಲ್ಪ ಎಳೆಯುತ್ತಾ. ಅವನು ಅವಳನ್ನು ನೋಡಿದ, ನನ್ನ ಮೊಣಕೈ ಹಿಡಿದ.

"ನಮ್ಮವ್ವಗ ಹೇಳಬ್ಯಾಡ್ರಿ" ಎಂದ. "ನಿಮ್ಮ ಕಾಲ ಬೀಳ್ತೀನಿ. ಆಕಿ ಒಳಗ ಕರಕೊಳ್ಳೋಣು ಅಂದಿದ್ಲು, ನಾನ ಬ್ಯಾಡ ಅಂದ್ಯಾ."

ಚಹಾ ಕುಡಿದೆ. ನೀವು ಅವರ ಜೋಡಿ ಇದ್ದವರೇನು ಎಂದು ಆಕೆ ಕೇಳಿದಳು. ಹೌದು ಎಂದೆ.